ಸಮುದ್ರ ಬಂದ ಗೆರೆ

ಒಂದು ಕೋಣೆಗೆ ಹದಿನಾಲ್ಕು ನಿಮಿಷ. ಅಷ್ಟರಲ್ಲಿ ಎರಡು ಹಾಸಿಗೆ ಬಿಚ್ಚಿ ಹಾಸಬೇಕು, ಬಚ್ಚಲು ಉಜ್ಜಬೇಕು, ಕನ್ನಡಿ ಒರೆಸಬೇಕು, ಬಾಲ್ಕನಿಯ ಮರಳು ಗುಡಿಸಬೇಕು. ಯಾರಾದರೂ ಕುಡಿದು ವಾಂತಿ ಮಾಡಿಕೊಂಡಿದ್ದರೆ ಅದನ್ನೂ ಆ ಹದಿನಾಲ್ಕು ನಿಮಿಷದಲ್ಲೇ ತೊಳೆಯಬೇಕು. ದಿನಕ್ಕೆ ಇಪ್ಪತ್ತೆರಡು ಕೋಣೆ. ನನಗೆ ನಲವತ್ತೇಳು ವರ್ಷ, ನನ್ನ ಬೆನ್ನಿಗೆ ಎಪ್ಪತ್ತು. ಬೆಳಿಗ್ಗೆ ಒಂದು ನೋವಿನ ಮಾತ್ರೆ ನುಂಗಿ ಹೊರಡುತ್ತೇನೆ, ಹನ್ನೊಂದಕ್ಕೆ ಇನ್ನೊಂದು. ಚಳಿಗಾಲದಲ್ಲಿ ಆ ಹೋಟೆಲಿನಲ್ಲಿ ಕೋಣೆ ತೊಳೆಯುವವರು ನಾವು ಹನ್ನೊಂದು ಹೆಂಗಸರು. ಹನ್ನೊಂದು ಜನರ ಜೇಬಿನಲ್ಲೂ ಅದೇ ಮಾತ್ರೆ.

ಹೋಟೆಲಿಗೆ ಚಿನ್ನದ ಅಕ್ಷರದ ಹೆಸರೊಂದಿದೆ. ನಾವು ಅದನ್ನು ಫ್ರಿಜ್ಜು ಅನ್ನುತ್ತೇವೆ. ಬೆಳ್ಳಗೆ, ಚೌಕವಾಗಿ, ಒಳಗೆಲ್ಲ ತಣ್ಣಗೆ. ಅದರ ಪಕ್ಕಕ್ಕೇ, ಮರಳಿನ ಮೇಲೆ, ನಮ್ಮ ಕೇರಿ. ಇಪ್ಪತ್ತಮೂರು ಮನೆ, ಒಂದೇ ಸಾಲು. ತಾರಾಯಾ ಅಂತ ಹೆಸರು. ಬೀಸುಬಲೆ ಅಂತ ಅರ್ಥ. ನನ್ನ ಅಪ್ಪ ಟೊಬಾಲೊ ಆ ಬಲೆ ಬೀಸಿಯೇ ಬದುಕಿ, ಆ ಬಲೆ ಒಣಹಾಕುವಾಗಲೇ ಎದೆ ಹಿಡಿದುಕೊಂಡು ಸತ್ತ. ಅವ್ವ ಅಂಗುಸ್ತಿಯಾಸ್ ಮತ್ತು ನಾನು ಆ ಸಾಲಿನ ಕೊನೆಯ ಮನೆಯಲ್ಲಿದ್ದೇವೆ. ನಮ್ಮ ಗೋಡೆಗೂ ಫ್ರಿಜ್ಜಿನ ಈಜುಕೊಳದ ಬೇಲಿಗೂ ನಡುವೆ ಒಂದು ಅಂಜೂರದ ಗಿಡ, ಅಷ್ಟೇ.

ನಮ್ಮ ಕೇರಿಗೊಂದು ಪದ್ಧತಿಯಿದೆ. ಚಳಿಗಾಲದ ಮೂಡಗಾಳಿ ಎದ್ದಾಗ ಸಮುದ್ರ ಮನೆಯೊಳಗೆ ಬರುತ್ತದೆ. ನೀರು ಇಳಿದ ಮೇಲೆ ಗಂಡಸರು ದೋಣಿಯ ತಳಕ್ಕೆ ಬಳಿಯುವ ಕೆಂಪು ಬಣ್ಣ ತಂದು, ಬಾಗಿಲುವಾಡದ ಒಳಮೈ ಮೇಲೆ, ನೀರು ನಿಂತಿದ್ದ ಎತ್ತರಕ್ಕೆ ಒಂದು ಗೆರೆ ಎಳೆಯುತ್ತಾರೆ. ಪಕ್ಕದಲ್ಲಿ ವರ್ಷ. ಜುಲೈನಲ್ಲಿ, ಬೆಸ್ತರನ್ನು ಕಾಯುವ ಕಾರ್ಮೆನ್ ಮಾತೆಯ ಹಬ್ಬಕ್ಕೆ ಮನೆಗೆಲ್ಲ ಸುಣ್ಣ ಹೊಡೆಯುವಾಗಲೂ ಗೆರೆಗಳನ್ನು ಬಿಟ್ಟು ಹೊಡೆಯುತ್ತೇವೆ. ಗೆರೆ ಹೆಚ್ಚಿದ್ದಷ್ಟೂ ಮನೆಗೆ ಮರ್ಯಾದೆ. ಗೆರೆಯಿಲ್ಲದ ಮನೆಯವರನ್ನು ಹಂಗಿಸುತ್ತೇವೆ: "ನಿಮ್ಮನೆಗೆ ಸಮುದ್ರಾನೂ ಕಾಲಿಡಲ್ವಲ್ರೋ!"

ಇಡೀ ಕೇರಿಯಲ್ಲಿ ಎತ್ತರದ ಗೆರೆ ನಮ್ಮದು. ಎಂಬತ್ತೊಂಬತ್ತರದು. ಅಪ್ಪ ಎಳೆದದ್ದು. ಎದೆಮಟ್ಟಕ್ಕಿದೆ.

ಅದು ಸುಳ್ಳು. ನನಗೂ ಗೊತ್ತು, ಅವ್ವನಿಗೂ ಗೊತ್ತು. ಆ ದಿನ ನೀರು ಅವ್ವನ ಮೊಣಕಾಲಿಗೆ ಬಂದಿತ್ತು. ಪಕ್ಕದ ಮನೆಯ ಫ್ರಾಸ್ಕೀಟೊ ಮಾವ ತನ್ನ ಬಾಗಿಲಿಗೆ ಸೊಂಟದೆತ್ತರ ಎಳೆದದ್ದನ್ನು ನೋಡಿ ಬಂದು, ಅಪ್ಪ ತನ್ನದನ್ನು ಎದೆಮಟ್ಟಕ್ಕೆ ಎಳೆದ. ಮಾವನ ಮನೆಯಲ್ಲೂ ನೀರು ಮೊಣಕಾಲಿನಷ್ಟೇ ಇತ್ತು. ಕೇರಿಯಲ್ಲಿ ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಬೆಸ್ತ ಹಿಡಿದ ಮೀನು ಮನೆ ತಲುಪುವಷ್ಟರಲ್ಲಿ ಒಂದು ಮೊಳ ಬೆಳೆಯುತ್ತದೆ, ನೀರೂ ಹಾಗೆಯೇ.

*

ಎಲೀಸೆಯೊ ಬಂದದ್ದು ಮಾರ್ಚಿನಲ್ಲಿ, ಭಾನುವಾರ ಮಧ್ಯಾಹ್ನ.

ಎಲೀಸೆಯೊ ಯಾರು ಅಂದರೆ, ನಮ್ಮ ಕೇರಿಯವನೇ. ಅವನು ಹುಟ್ಟಿದ ವಾರಕ್ಕೆ ಅವನ ತಾಯಿಗೆ ಜ್ವರ ಬಂದು ಹಾಲು ಬತ್ತಿತು. ಆಗ ನನಗೆ ಎರಡು ತಿಂಗಳು. ಅವ್ವ ಒಂದು ಎದೆ ನನಗೆ ಕೊಟ್ಟಳು, ಇನ್ನೊಂದು ಅವನಿಗೆ. ನಮ್ಮ ಊರಲ್ಲಿ ಹಾಗೆ ಬೆಳೆದವರನ್ನು ಹಾಲುಬಂಧುಗಳು ಅನ್ನುತ್ತಾರೆ. ಒಡಹುಟ್ಟಿದವರಷ್ಟೇ ಗಟ್ಟಿ ಸಂಬಂಧ. ಅವನು ಓದಿದ, ಪ್ರಾಂತ್ಯದ ರಾಜಧಾನಿಗೆ ಹೋದ, ಅಳತೆ ಕಂಪನಿಯೊಂದರಲ್ಲಿ ಕೆಲಸ ಹಿಡಿದ. ಸರ್ಕಾರ ಕೊಡುವ ಗುತ್ತಿಗೆಯ ಮೇಲೆ ದಡ ಅಳೆಯುವ ಕಂಪನಿ.

ಬಿಳಿ ಶೂ ಹಾಕಿಕೊಂಡು ಬಂದಿದ್ದ. ಮರಳು ಮೆತ್ತದ ಹಾಗೆ ಎತ್ತೆತ್ತಿ ಹೆಜ್ಜೆ ಹಾಕುತ್ತಿದ್ದ.

"ಏನ್ಲಾ, ನೆಲ ಸುಡ್ತದಾ?" ಅಂದಳು ಅವ್ವ.

"ಅವ್ವಾ!" ಅಂದು ತಬ್ಬಿಕೊಂಡ. "ಸಣ್ಣ ಆಗ್ಬಿಟ್ಟಿದೀಯಲ್ಲೇ."

"ನಾನ್ ಸಣ್ಣ ಆಗಿಲ್ಲ, ನೀನ್ ಊದ್ಕೊಂಡಿದೀಯ. ಆಫೀಸಲ್ಲಿ ಕೂರ್ಸಿ ಹಿಟ್ಟಾಕ್ತಾರೇನು?"

ಫ್ರಾಸ್ಕೀಟೊ ಮಾವ ಮರಳು ತುಂಬಿದ ಹಳೆ ದೋಣಿಯೊಳಗೆ ಬೆಂಕಿ ಮಾಡಿ, ಬಿದಿರ ಕಡ್ಡಿಗೆ ಬೂತಾಯಿ ಚುಚ್ಚಿ ನಿಲ್ಲಿಸಿದ್ದ. ಎಲ್ಲರೂ ಸುತ್ತ ಕೂತೆವು. ಎಲೀಸೆಯೊ ಮೂರು ಕಡ್ಡಿ ಮೀನು ತಿಂದ, ಬೆರಳು ನೆಕ್ಕಿದ, ಆಮೇಲೆ ಚೀಲದಿಂದ ಒಂದು ಕಟ್ಟು ಕಾಗದ ತೆಗೆದ.

"ಒಳ್ಳೆ ಸುದ್ದಿ ತಂದಿದೀನಿ," ಅಂದ. "ದಡಕ್ಕೆ ಕಲ್ಲು ಹಾಕೋ ಯೋಜನೆ ಬಂದಿದೆ. ಹೋಟೆಲ್ ಮುಂದೆ ಇದೆಯಲ್ಲ, ಅಂಥಾ ತಡೆಗೋಡೆ. ಎಲ್ಲೆಲ್ಲಿ ಸಮುದ್ರ ಜಾಸ್ತಿ ಒಳಗೆ ಬಂದಿದೆಯೋ, ಅಲ್ಲಿಗೆ ಮೊದಲು. ನಾನು ನಿಮ್ಮ ಹೇಳಿಕೆ ಬರ್ಕೋತೀನಿ, ನೀವು ಸಹಿ ಹಾಕಿ. ಅಷ್ಟೇ."

ನಲವತ್ತು ವರ್ಷದಿಂದ ಆ ಕಲ್ಲು ಕೇಳಿದ್ದೇವೆ. ಪುರಸಭೆಗೆ ಹೋದರೆ, ಮರಳು ದೇಶದ್ದು, ದೇಶವನ್ನು ಕೇಳಿ ಅನ್ನುತ್ತಿದ್ದರು. ದೇಶದ ಕಚೇರಿಗೆ ಹೋದರೆ, ಮನೆಗಳು ಪುರಸಭೆಯ ಲೆಕ್ಕ ಅನ್ನುತ್ತಿದ್ದರು. ಚರಂಡಿ ಕೇಳಿದರೆ ಪ್ರಾಂತ್ಯ, ದೀಪ ಕೇಳಿದರೆ ಪುರಸಭೆ, ದೋಣಿ ಕಟ್ಟಲು ಗೂಟ ನೆಟ್ಟರೆ ಮಾತ್ರ ಮೂರೂ ಕಡೆಯಿಂದ ದಂಡ ಹಾಕಲು ಬರುತ್ತಿದ್ದರು.

"ನಿಜವೇನ್ಲಾ?" ಅಂದ ಫ್ರಾಸ್ಕೀಟೊ ಮಾವ.

"ಮಾವ, ನಾನು ಇಲ್ಲಿ ಹಾಲು ಕುಡಿದೋನು. ನಿಮಗೆ ಸುಳ್ಳು ಹೇಳ್ತೀನಾ?"

ಆಮೇಲೆ ನಡೆದದ್ದು ಹಬ್ಬ. ಅವನು ಟೇಪು ಹಿಡಿದು ಮನೆಯಿಂದ ಮನೆಗೆ ಹೋದ, ನಾವೆಲ್ಲ ಹಿಂದೆ. ಪ್ರತಿ ಬಾಗಿಲಲ್ಲೂ ಕೆಂಪು ಗೆರೆಯ ಫೋಟೊ ತೆಗೆದ. ಮಾವ ಹೇಳಿದ, "ಗೆರೆ ಸೊಂಟದವರೆಗೆ ಐತೆ, ಆದ್ರೆ ಅಲೆ ಸೂರು ಮುಟ್ತು, ಅಂಗಂತ ಬರ್ಕೊ." ಅವನ ಆಚೆ ಮನೆಯವನು ಹೇಳಿದ, "ನಮ್ಮ ಹಿತ್ತಲು ದಾಟಿ ರಸ್ತೆಗೋಗಿತ್ತು ನೀರು. ಕತ್ತೆ ತೇಲ್ಕೊಂಡೋಯ್ತು." "ನಿನ್ನತ್ರ ಕತ್ತೆ ಎಲ್ಲಿತ್ತೋ?" ಅಂತ ಯಾರೋ ಕೇಳಿದರು. "ಅದಕ್ಕೇ ಇಲ್ಲ!" ಅಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಎಲೀಸೆಯೊನೂ ನಕ್ಕ. ನಗುತ್ತಲೇ ಬರೆದುಕೊಂಡ.

ಕೊನೆಗೆ ನಮ್ಮ ಮನೆ. ಎದೆಮಟ್ಟದ ಗೆರೆ ನೋಡಿ ಶಿಳ್ಳೆ ಹಾಕಿದ.

"ಟೊಬಾಲೊ ಮಾವಂದಾ?"

"ಇನ್ಯಾರ್ದು?" ಅಂದಳು ಅವ್ವ. "ಆವತ್ತು ಮಂಚ ದೋಣಿ ತರ ತೇಲ್ತಿತ್ತು. ಅವ್ನು ಅದ್ರ ಮೇಲೆ ನಿಂತ್ಕೊಂಡು ಹುಟ್ಟು ಹಾಕ್ತಿದ್ದ, ಪುಣ್ಯಾತ್ಮ."

ಅವ್ವನಿಗೆ ಸಹಿ ಬರುವುದಿಲ್ಲ. ಎಲೀಸೆಯೊ ಅವಳ ಹೆಬ್ಬೆರಳನ್ನು ತಾನೇ ಹಿಡಿದು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿಸಿದ. ಆಮೇಲೆ ತನ್ನ ಕರವಸ್ತ್ರದಲ್ಲಿ ಆ ಬೆರಳು ಒರೆಸಿದ. ಎಷ್ಟು ಮೃದುವಾಗಿ ಒರೆಸಿದ ಅಂದರೆ, ಅವನು ಹೋದ ಮೇಲೂ ಅವ್ವ ಅದನ್ನೇ ಹೇಳುತ್ತಿದ್ದಳು.

*

ಅಕ್ಟೋಬರಿನಲ್ಲಿ ಸೀಸನ್ ಮುಗಿದು, ಕಡಲಂಚಿನ ಛತ್ರಿಗಳನ್ನೆಲ್ಲ ಮಡಚಿ ಒಳಗಿಟ್ಟ ಮೇಲೆ, ಗೂಟಗಳು ಬಂದವು.

ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲ ಮನೆಯವರೂ ಹಾಜರಿರಬೇಕು ಅಂತ ಕಾಗದ ಬಂದಿತ್ತು. ಕಲ್ಲು ಹಾಕುವ ಜಾಗ ಗುರುತು ಮಾಡುತ್ತಾರೆ ಅಂದುಕೊಂಡೆವು. ಮಾವ ಗಡ್ಡ ಬೋಳಿಸಿಕೊಂಡು ಬಂದಿದ್ದ. ಅವ್ವ ಕಪ್ಪು ಶಾಲು ಹೊದ್ದಿದ್ದಳು. ನಾನು ಹೋಟೆಲಿನ ಮೇಲ್ವಿಚಾರಕಿಯನ್ನು ಬೇಡಿ ಒಂದು ಗಂಟೆ ಬಿಡುವು ತಗೊಂಡಿದ್ದೆ.

ಒಬ್ಬ ಎಂಜಿನಿಯರ್ ಹೆಂಗಸು, ಇಬ್ಬರು ಕೂಲಿಯವರು, ಒಂದು ಜೀಪು. ಕೂಲಿಯವರು ಕಿತ್ತಳೆ ಬಣ್ಣದ ಗೂಟ ನೆಡತೊಡಗಿದರು. ಮನೆಗಳ ಮುಂದೆ ಅಲ್ಲ. ಹಿಂದೆ, ರಸ್ತೆಯಂಚಿಗೆ.

"ಅಲ್ಲೇನ್ ನೆಡ್ತೀರಿ? ಸಮುದ್ರ ಈ ಕಡೆ ಐತೆ," ಅಂದ ಮಾವ.

ಎಂಜಿನಿಯರ್ ಓದಿ ಹೇಳಿದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ದೊಡ್ಡ ಬಿರುಗಾಳಿಯಲ್ಲಿ ಅಲೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿಯವರೆಗೂ ಸಮುದ್ರ. ಸಮುದ್ರ ದೇಶದ್ದು. ಅದರೊಳಗೆ ಯಾರೂ ಮನೆ ಇಟ್ಟುಕೊಳ್ಳುವಂತಿಲ್ಲ. ಕಾನೂನು ಹಾಗಿದೆ. ಅಲೆ ನಿಮ್ಮ ಮನೆಗಳನ್ನು ದಾಟಿ ರಸ್ತೆಯವರೆಗೆ ಬಂದಿದೆ ಎಂದು ನೀವೇ, ಇಪ್ಪತ್ತಮೂರು ಮನೆಯವರೂ, ಹೇಳಿಕೆ ಕೊಟ್ಟಿದ್ದೀರಿ.

ಕತ್ತೆ ತೇಲಿಹೋಯಿತು ಅಂದಿದ್ದವನು ತಲೆ ತಗ್ಗಿಸಿದ.

ನಾನು ಗೂಟಗಳನ್ನೇ ನೋಡುತ್ತಿದ್ದೆ. ಸಾಲು ನಮ್ಮ ಮನೆಯ ಹಿಂದಿನಿಂದ ನೆಟ್ಟಗೆ ಬಂತು. ಅಂಜೂರದ ಗಿಡದ ಹತ್ತಿರ ನಿಂತಿತು. ಆಮೇಲೆ ಕೆಸರು ಕಂಡ ಮದುವಣಗಿತ್ತಿಯಂತೆ ಸೊಂಟ ಬಳುಕಿಸಿ ಸಮುದ್ರದ ಕಡೆ ಇಳಿಯಿತು. ಫ್ರಿಜ್ಜನ್ನು ಸುತ್ತು ಹಾಕಿ, ಅದರ ಈಜುಕೊಳವನ್ನೂ ಹುಲ್ಲುಹಾಸನ್ನೂ ಸಮುದ್ರದ ಲೆಕ್ಕದಿಂದ ಹೊರಗೆ ಬಿಟ್ಟು, ಮುಂದಿನ ಕಲ್ಲುಗೋಡೆಯ ಬುಡದಲ್ಲಿ ಹೋಯಿತು.

ಜೀಪಿನ ಪಕ್ಕ ಎಲೀಸೆಯೊ ನಿಂತಿದ್ದ. ಅಷ್ಟು ಹೊತ್ತೂ ಫೋನ್ ನೋಡುತ್ತಿದ್ದ. ಅವ್ವ ಅವನನ್ನು ಆಗ ಕಂಡಳು.

"ಎಲೀಸೆಯೊ. ಬಾರ್ಲಾ ಇಲ್ಲಿ. ಈಯಮ್ಮಂಗೆ ಹೇಳು."

ಅವನು ಬಂದ. "ಅಂಗುಸ್ತಿಯಾಸ್ ಅವರೇ," ಅಂದ.

ಅವ್ವನ ಮುಖ ಅಲ್ಲೇ ಕಲ್ಲಾಯಿತು. "ಯಾರವ್ಳು ಅಂಗುಸ್ತಿಯಾಸ್ ಅವರೇ? ನಾನ್ಯಾವಾಗ ಅವರೇ ಆದೆ ನಿಂಗೆ?"

"ನಾನೇನ್ ಮಾಡ್ಲಿ? ನನ್ನ ಕೆಲಸ ಕೇಳೋದು, ಬರೆಯೋದು. ನೀವ್ ಹೇಳಿದ್ದನ್ನ ಬರೆದೆ. ಒಂದಕ್ಷರ ನಂದಲ್ಲ."

"ಕಲ್ಲು ಹಾಕ್ತಾರೆ ಅಂದ್ಯಲ್ಲೋ!" ಮಾವ ಕೂಗಿದ.

ಎಲೀಸೆಯೊ ತನ್ನ ಬಿಳಿ ಶೂ ನೋಡಿಕೊಂಡ.

ಅವ್ವ ಎಂಜಿನಿಯರ್ ಕಡೆ ತಿರುಗಿದಳು. ಶಾಲು ಸರಿಮಾಡಿಕೊಂಡಳು. ಅವಳು ಏನು ಹೇಳುತ್ತಾಳೆಂದು ನನಗೆ ಗೊತ್ತಾಯಿತು. ಬೇಡ ಅವ್ವ ಅನ್ನುವಷ್ಟರಲ್ಲಿ ಅವಳು ಶುರುಮಾಡಿಯಾಗಿತ್ತು.

"ಬರ್ಕೊಳಮ್ಮ," ಅಂದಳು ಅವ್ವ, ಇಡೀ ಕೇರಿಯ ಮುಂದೆ. "ನನ್ ಗಂಡ ಸುಳ್ಳ. ಆ ಗೆರೆ ಸುಳ್ಳು. ನೀರು ನನ್ ಮೊಣಕಾಲ್ಗೆ ಬಂದಿತ್ತು, ಅಷ್ಟೆ. ಮಂಚಾನೂ ತೇಲಿಲ್ಲ, ಹುಟ್ಟೂ ಹಾಕ್ಲಿಲ್ಲ. ಮೇಜಿನ್ ಮೇಲೆ ಕೂತ್ಕೊಂಡು ಅಳ್ತಿದ್ದ ಅವ್ನು. ಟೊಬಾಲೊ ಅಳ್ತಿದ್ದ. ಬರ್ಕೊ."

ಹತ್ತೊಂಬತ್ತು ವರ್ಷ ಆ ಗೆರೆಯನ್ನು ಬಿಟ್ಟು ಸುಣ್ಣ ಹೊಡೆದವಳು ಅವಳು. ಗಂಡನ ಗೋರಿಗೆ ಹೋಗುವುದಕ್ಕಿಂತ ಹೆಚ್ಚು ಸಲ ಆ ಗೆರೆ ಮುಟ್ಟಿದವಳು.

ಎಂಜಿನಿಯರ್ ಕಾಗದ ತಿರುವಿದಳು. "ನಿಮ್ಮ ಹೆಬ್ಬೆಟ್ಟು ಇದೆಯಲ್ಲಮ್ಮ. ಫೋಟೊ ಇದೆ. ಈಗ ಬೇರೆ ಹೇಳಿದರೆ ಹೇಗೆ?"

"ಮೊಣಕಾಲ್ಗೆ ಬಂದಿತ್ತು ಅಂದ್ನಲ್ಲ."

"ಮೊಣಕಾಲಿಗಾದರೂ ಬಂದಿತ್ತು ತಾನೇ?" ಅಂದಳು ಅವಳು. "ಹಾಗಾದರೂ ಅದು ಸಮುದ್ರವೇ."

ಅವ್ವ ಬರಿಗೈಯಲ್ಲಿ ನಿಂತಳು. ಗಂಡನ ಮಾನವನ್ನೂ ಕೊಟ್ಟಾಗಿತ್ತು. ಮನೆ ಉಳಿದಿರಲಿಲ್ಲ.

ನಾನು ಎಲೀಸೆಯೊನ ತೋಳು ಹಿಡಿದೆ. "ಫ್ರಿಜ್ಜಿನೋರನ್ನ ಏನ್ ಕೇಳ್ದೆ?"

"ಅವರನ್ನೂ ಕೇಳಿದೀನಿ. ಸಮುದ್ರ ಒಳಗೆ ಬಂದ ಗುರುತು ಏನಾದ್ರೂ ಇದೆಯಾ ಅಂತ. ಇಲ್ಲ ಅಂದ್ರು. ನಾನೂ ನೋಡ್ದೆ. ಅಮೃತಶಿಲೆ, ಕನ್ನಡಿ ತರ ಹೊಳೀತಿತ್ತು. ಒಂದು ಕಲೆ ಇಲ್ಲ."

ನನ್ನ ಕೈ ಅವನ ತೋಳಿನಿಂದ ಜಾರಿತು.

ಇರಲಿಲ್ಲ. ಹೇಗಿರುತ್ತದೆ? ಆ ಹಿಂದಿನ ಜನವರಿಯಲ್ಲಿ ಮೂಡಗಾಳಿ ಎದ್ದ ದಿನ ಸಮುದ್ರ ಕಲ್ಲುಗೋಡೆ ಹಾರಿ, ಈಜುಕೊಳ ತುಂಬಿ, ಗಾಜಿನ ಬಾಗಿಲು ದಾಟಿ ಅವರ ಸ್ವಾಗತ ಹಜಾರಕ್ಕೆ ಬಂದಿತ್ತು. ನಮ್ಮ ಬಾಗಿಲಿಗಿಂತ ನಲವತ್ತು ಹೆಜ್ಜೆ ಒಳಗೆ. ತಾಳೆ ಗಿಡದ ಕುಂಡದಲ್ಲಿ ಒಂದು ಬಂಗುಡೆ ಮೀನು ಒದ್ದಾಡುತ್ತಿತ್ತು. ನಾವು ಹನ್ನೊಂದು ಜನ ಮೊಣಕಾಲೂರಿ ಮರಳು ಬಾಚಿದೆವು, ಉಪ್ಪು ಉಜ್ಜಿದೆವು, ಸಂಜೆಯೊಳಗೆ ಗೋಡೆ ಹೊಳೆಯುವಂತೆ ಮಾಡಿದೆವು. ಮೇಲ್ವಿಚಾರಕಿ ಕಾಗದ ಕೊಟ್ಟಳು: ನೀರಿನ ಕೊಳವೆ ಒಡೆದದ್ದಕ್ಕೆ ಹೆಚ್ಚುವರಿ ಕೆಲಸ. ಸಹಿ ಹಾಕಿದೆವು. ನಾನು ಬಗ್ಗಿದ ಬೆನ್ನು ನೆಟ್ಟಗಾಗದೆ ಹಾಗೇ ಗೋಡೆಗೊರಗಿ ಸಹಿ ಹಾಕಿದ್ದೆ.

ನಮ್ಮ ಮನೆಯ ಸಮುದ್ರವನ್ನು ಬಣ್ಣ ಬಳಿದು ಕಾಪಾಡಿದೆವು. ಅವರ ಸಮುದ್ರವನ್ನು ನಾನೇ ಒರೆಸಿದೆ.

"ಬಂದಿತ್ತು!" ಅಂದೆ ಎಂಜಿನಿಯರಿಗೆ. "ಹಜಾರದೊಳಗೆ ಬಂದಿತ್ತು. ಒರೆಸಿದೋಳು ನಾನೇ."

"ದಾಖಲೆ ಇದೆಯಾ?"

ದಾಖಲೆ ಇತ್ತು. ಕೊಳವೆ ಒಡೆಯಿತು ಅಂತ, ನನ್ನ ಸಹಿಯೊಂದಿಗೆ.

ಅವ್ವ ಎಲೀಸೆಯೊನ ಹತ್ತಿರ ಹೋದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಮಗುವಾಗಿದ್ದಾಗ ಹಿಡಿಯುತ್ತಿದ್ದಂತೆ ಅವನ ಗಲ್ಲ ಹಿಡಿದಳು.

"ಈ ರೆಮೆ ಚೀಪ್ತಿದ್ಳು," ಅಂದಳು ನನ್ನ ಕಡೆ ತೋರಿಸಿ. "ನೀನು ಕಚ್ತಿದ್ದೆ. ಹಲ್ಲು ಬರೋಕ್ ಮುಂಚೇನೆ ಕಚ್ತಿದ್ದೆ. ಹಸಿವು ಪಾಪ ಅಂತ ಸುಮ್ನಿದ್ದೆ ನಾನು."

*

ತಕರಾರು ಅರ್ಜಿ ಹಾಕಿದೆವು. ತಿರಸ್ಕಾರವಾಯಿತು. ಮಾರ್ಚಿನಲ್ಲಿ ಕೆಡವುತ್ತಾರೆಂದು ಬಾಗಿಲಿಗೆ ಕಾಗದ ಅಂಟಿಸಿದರು. ಈಸ್ಟರ್ ರಜೆಯ ಜನ ಬರುವ ಮುಂಚೆ ದಡ ಚೊಕ್ಕಟವಾಗಿರಬೇಕಂತೆ. ಮೊದಲು ಬೀಳುವುದು ನಮ್ಮ ಮನೆ. ಆ ಜಾಗದಲ್ಲಿ ಫ್ರಿಜ್ಜಿನವರಿಗೆ ಆರಾಮಕುರ್ಚಿ ಹಾಕಲು ಪರವಾನಗಿ ಸಿಕ್ಕಿದೆಯೆಂದು ಅಡುಗೆಮನೆಯಲ್ಲಿ ಕೇಳಿದೆ. ಸಮುದ್ರದೊಳಗೆ ಮನೆ ಇಡುವಂತಿಲ್ಲ, ಕುರ್ಚಿ ಇಡಬಹುದು.

ಅವ್ವ ಮಾತು ಕಡಿಮೆ ಮಾಡಿದಳು. ಬಾಗಿಲು ದಾಟುವಾಗ ಗೆರೆ ಮುಟ್ಟುವುದನ್ನು ಬಿಟ್ಟಳು.

ಜನವರಿ ಇಪ್ಪತ್ತರ ಬೆಳಿಗ್ಗೆ ಮೂಡಗಾಳಿ ಎದ್ದಿತು. ನಾನು ಮೂರನೇ ಮಹಡಿಯಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಸಮುದ್ರ ಎಲ್ಲಿ, ಆಕಾಶ ಎಲ್ಲಿ, ಗೊತ್ತಾಗುತ್ತಿರಲಿಲ್ಲ. ಹತ್ತೂವರೆಗೆ ಕೆಳಗಿನಿಂದ ಗಾಜು ಒಡೆದ ಸದ್ದು ಕೇಳಿತು. ಆಮೇಲೆ ಮೇಲ್ವಿಚಾರಕಿಯ ಕೂಗು: "ಎಲ್ರೂ ಕೆಳಗೆ! ಬಟ್ಟೆ, ಬಕೆಟ್ಟು ತಗೊಂಡು ಬನ್ನಿ!"

ಇಳಿದೆವು. ಹಜಾರದಲ್ಲಿ ಸಮುದ್ರ ನಿಂತಿತ್ತು. ಸೋಫಾಗಳು ತೇಲುತ್ತಿದ್ದವು. ನಾರ್ವೆಯಿಂದ ಬಂದ ಒಬ್ಬ ಮುದುಕಿ ಪ್ಯಾಂಟು ಮಡಚಿಕೊಂಡು ಮೆಟ್ಟಿಲ ಮೇಲೆ ನಿಂತು ಫೋಟೊ ತೆಗೆಯುತ್ತಿದ್ದಳು.

"ನಿಂತ್ಕೊಂಡ್ ಏನ್ ನೋಡ್ತೀರಿ? ಒರೆಸಿ!" ಅಂದ ಮ್ಯಾನೇಜರು. "ಮಧ್ಯಾಹ್ನ ಗಿರಾಕಿಗಳ ಬಸ್ಸು ಬರುತ್ತೆ."

ನನ್ನ ಕೈಯಲ್ಲಿ ಒರೆಸುವ ಕೋಲು. ಅದನ್ನು ನೀರಿಗೆ ಬಿಟ್ಟೆ. ಅದು ತೇಲಿತು. ನನ್ನ ಪಕ್ಕದಲ್ಲಿದ್ದ ಚಾರೋ ನನ್ನ ಮುಖ ನೋಡಿದಳು. ಅವಳೂ ಬಿಟ್ಟಳು. ಒಂದೊಂದೇ ಹನ್ನೊಂದು ಕೋಲು.

ನಾನು ಹೊರಗೆ ಓಡಿದೆ. ಮನೆಗೆ ನಲವತ್ತು ಹೆಜ್ಜೆ, ಸೊಂಟದವರೆಗೆ ನೆನೆದೆ. ನಮ್ಮ ಮನೆಯಲ್ಲೂ ನೀರು. ಅವ್ವ ಮೇಜಿನ ಮೇಲೆ ಕೂತಿದ್ದಳು.

"ದೋಣಿ ಬಣ್ಣ ಎಲ್ಲೈತವ್ವ?"

"ಇನ್ಯಾಕೆ ಗೆರೆ?" ಅಂದಳು. "ಕೆಡವೋ ಮನೆಗೆ?"

"ಈ ಮನೆಗಲ್ಲ."

ಅವಳು ನನ್ನನ್ನೇ ನೋಡಿದಳು. ಆಮೇಲೆ ಮೇಜಿನಿಂದ ಇಳಿದಳು. ಎಪ್ಪತ್ತಾರು ವರ್ಷದವಳು. "ಫ್ರಾಸ್ಕೀಟೋ!" ಅಂತ ಕೂಗಿದ ಕೂಗಿಗೆ ಗಾಳಿಯೇ ಸುಮ್ಮನಾದಂತಾಯಿತು. "ಎಲ್ಲಾರ್ನೂ ಕರ್ಕೊಂಡ್ ಬಾರೋ! ಫ್ರಿಜ್ಜಿಗೆ ಸಮುದ್ರ ಬಂದೈತೆ!"

ಇಪ್ಪತ್ತಮೂರು ಮನೆಯವರೂ ಬಂದರು. ಒಡೆದ ಗಾಜಿನ ಬಾಗಿಲಿನಿಂದ ಒಳಗೆ. ಆ ಹಜಾರಕ್ಕೆ ನಮ್ಮ ಕೇರಿಯವರು ಗಿರಾಕಿಗಳ ಬಾಗಿಲಿನಿಂದ ಕಾಲಿಟ್ಟದ್ದು ಅದೇ ಮೊದಲು. ಮ್ಯಾನೇಜರು ಪೊಲೀಸರಿಗೆ ಫೋನ್ ಮಾಡುತ್ತೇನೆ ಅಂದ. "ಮಾಡಪ್ಪ, ಸಾಕ್ಷಿಗಾಗ್ತಾರೆ," ಅಂದ ಮಾವ.

ನಾನು ಕುಂಚ ಅದ್ದಿದೆ. ಗೋಡೆಯ ಮುಂದೆ ಬಗ್ಗಿದೆ. ಹಿಂದಿನ ಜನವರಿಯಲ್ಲಿ ಸಂಜೆಯವರೆಗೆ ನಾನೇ ಉಜ್ಜಿದ್ದ ಗೋಡೆ.

"ಇನ್ನೊಂದ್ ಮೊಳ ಮೇಲೆ ಎಳಿ, ರೆಮೆ," ಅಂದ ಮಾವ ಹಿಂದಿನಿಂದ. "ಎದೆಮಟ್ಟಕ್ಕೆ ಎಳಿ. ಇವ್ರಿಗೂ ಗೊತ್ತಾಗ್ಲಿ."

"ಬಾಯ್ಮುಚ್ಚು," ಅಂದಳು ಅವ್ವ. ಅವಳು ನೀರಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತು, ಲಂಗ ಎತ್ತಿ, ತನ್ನ ಕಾಲು ಗೋಡೆಗೆ ಒತ್ತಿದಳು. "ಇಲ್ಲೈತೆ ನೀರು. ನನ್ ಮೊಣಕಾಲ್ಗೆ. ಒಂದ್ ಬೆರಳೂ ಮೇಲ್ ಬೇಡ, ಒಂದ್ ಬೆರಳೂ ಕೆಳಗ್ ಬೇಡ. ಈ ಸಲ ನಾವು ಬೆಸ್ತರಲ್ಲ, ಸಾಕ್ಷಿಗಳು."

ಗೆರೆ ಎಳೆದೆ. ಬಾಗಿಲಿನಿಂದ ಲಿಫ್ಟಿನವರೆಗೆ, ಒಂದೇ ಉಸಿರಿಗೆ. ಪಕ್ಕದಲ್ಲಿ ದಿನ, ತಿಂಗಳು, ವರ್ಷ. ಅದರ ಕೆಳಗೆ ಹನ್ನೊಂದು ಹೆಸರು. ಅವ್ವ ಹೆಬ್ಬೆರಳನ್ನು ಬಣ್ಣಕ್ಕೆ ಅದ್ದಿದಳು. ಈ ಸಲ ಅವಳ ಕೈಯನ್ನು ಯಾರೂ ಹಿಡಿಯಲಿಲ್ಲ. ತಾನೇ ಒತ್ತಿದಳು.

ನಾರ್ವೆಯ ಮುದುಕಿಗೆ ನಮ್ಮ ಮಾತು ತಿಳಿಯದು. ಆದರೂ ಇಳಿದು ಬಂದು, ಕೈ ಚಾಚಿ ಕುಂಚ ಕೇಳಿ, ಕೊನೆಯಲ್ಲಿ ತನ್ನ ಹೆಸರು ಬರೆದಳು.

"ಅದನ್ನ ಒರೆಸಿ! ಈಗ್ಲೇ!" ಮ್ಯಾನೇಜರು ತೇಲುತ್ತಿದ್ದ ಕೋಲೊಂದನ್ನು ಎತ್ತಿ ನನ್ನ ಕಡೆ ಚಾಚಿದ. "ಇಲ್ಲಾಂದ್ರೆ ನಾಳೆಯಿಂದ ಬರ್ಬೇಡಿ. ಹನ್ನೊಂದು ಜನಾನೂ!"

"ಉಪ್ಪುನೀರಲ್ಲಿ ಇಪ್ಪತ್ತು ವರ್ಷ ಇದ್ರೂ ದೋಣಿ ತಳದಿಂದ ಹೋಗ್ದೇ ಇರೋ ಬಣ್ಣ ಸ್ವಾಮಿ ಅದು," ಅಂದಳು ಚಾರೋ. "ನೀವೇ ಉಜ್ಜಿ ನೋಡಿ. ಹದಿನಾಲ್ಕ್ ನಿಮಿಷ ಟೈಮು."

ನಾನು ಫೋನ್ ತೆಗೆದೆ. ಎಲೀಸೆಯೊ ಮೂರನೇ ಸಲಕ್ಕೆ ಎತ್ತಿದ.

"ಟೇಪು ತಗೊಂಡ್ ಬಾ," ಅಂದೆ. "ಗುರುತು ಸಿಕ್ಕಿದೆ."

ಅವ್ವ ಫೋನ್ ಕಿತ್ತುಕೊಂಡಳು. "ಬಿಳೀ ಶೂ ಹಾಕ್ಕೊಂಡ್ ಬರ್ಬೇಡ ಕಣೋ. ಇಲ್ಲಿ ಸಮುದ್ರ ಐತೆ."

ಅವನು ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಪೊಲೀಸರ ಗಾಡಿಯ ಸದ್ದು ಕೇಳುತ್ತಿತ್ತು. ನಾವು ಹನ್ನೊಂದು ಜನ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಪಕ್ಕದಲ್ಲಿ ಅವ್ವ, ಹಿಂದೆ ಇಡೀ ತಾರಾಯಾ. ಕೆಲಸದ ಹೊತ್ತಿನಲ್ಲಿ ಆ ಹೋಟೆಲಿನಲ್ಲಿ ನಾನು ಕೂತದ್ದು ಅದೇ ಮೊದಲು.

ನೀರು ಇಳಿಯತೊಡಗಿತು. ಗೆರೆ ಇಳಿಯಲಿಲ್ಲ.